ಕತ್ತು ಹೇಳಿದ್ದು, ಕಾಲು ಹೇಳಿದ್ದು

ದಾಫಿನಾಳ ವ್ಯಾನು ಬರುವುದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತಿತ್ತು. ಆ ಶುಕ್ರವಾರ ಬೆಳಿಗ್ಗೆ ವೆಲಿಕಾ ಅಂಗಳದಲ್ಲಿ ಕೂತು, ಚಳಿಗಾಲಕ್ಕೆ ಎಲೆಕೋಸು ಉಪ್ಪುನೀರಿಗೆ ಹಾಕಲು ಪೀಪಾಯಿ ತೊಳೆಯುತ್ತಿದ್ದಳು. ತಿರುವಿನಾಚೆಯಿಂದ ಸದ್ದು ಕೇಳಿತು. ಇಂಜಿನ್ನಿನ ಗೊರಗೊರ ಎಂದಿನಂತೆಯೇ ಇತ್ತು. ಅದರ ಕೆಳಗೆ ಇನ್ನೊಂದು ಸದ್ದಿತ್ತು, ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದ ಹಾಗೆ. ಮೂವತ್ತೊಂದು ವರ್ಷ ಬಸ್ ಡಿಪೋದಲ್ಲಿ ಗಾಡಿಗಳ ಹೊಟ್ಟೆಯಡಿ ಮಲಗಿ ಸಂಬಳ ತಿಂದವಳಿಗೆ ಆ ಸದ್ದು ಕೇಳಿದರೆ ಹಲ್ಲು ಜುಮ್ಮೆನ್ನುತ್ತದೆ. ಅವಳು ಬ್ರಷ್ಷು ಕೆಳಗಿಟ್ಟಳು.

ವ್ಯಾನು ಗೇಟಿನೆದುರು ಬಂದು, ನಿಲ್ಲಬೇಕಾದ ಜಾಗಕ್ಕಿಂತ ಒಂದು ಮಾರು ಮುಂದೆ ಹೋಗಿ ನಿಂತಿತು.

"ಯಾವತ್ತಿಂದ ಹಾಡ್ತಿದೆ ಇದು?" ಎಂದಳು ವೆಲಿಕಾ.

"ಸೋಮವಾರದಿಂದ," ಎಂದಳು ದಾಫಿನಾ, ಇಳಿಯುತ್ತಾ.

"ಸೋಮವಾರ ಹಾಡಿರಬಹುದು. ಇವತ್ತು ಅಳ್ತಿದೆ."

ದಾಫಿನಾ ಪಕ್ಕದ ಸೀಟಿನಿಂದ ಒಂದು ಪೊಟ್ಟಣ ತೆಗೆದು ತಂದು ಪೀಪಾಯಿಯ ಮುಚ್ಚಳದ ಮೇಲಿಟ್ಟಳು. ಹೊಸ ಬ್ರೇಕ್ ಪ್ಯಾಡುಗಳು. ಜೊತೆಗೆ ಒಂದು ಬಾಟಲಿ ಬ್ರೇಕ್ ಆಯಿಲ್. ಅವುಗಳ ಮೇಲೆ, ಲಂಚದಂತೆ, ಬಟ್ಟೆಯಲ್ಲಿ ಸುತ್ತಿದ ಬಿಸಿ ಬಾನಿತ್ಸಾ, ಪದರ ಪದರವಾಗಿ ಬೇಯಿಸಿದ ಹಿಟ್ಟಿನ ತಿಂಡಿ. ಅದರ ಚೀಸಿನ ಪರಿಮಳ ಅಂಗಳವೆಲ್ಲ ಹಬ್ಬಿತು.

"ಸಾಮಾನು ತಂದಾಗಿದೆ ಅಂದ್ರೆ ನೀನು ಕೇಳೋಕೆ ಬಂದಿಲ್ಲ, ಹೇಳೋಕೆ ಬಂದಿದ್ದೀಯ," ಎಂದಳು ವೆಲಿಕಾ.

"ಗ್ಯಾರೇಜಿನವನು ಬುಧವಾರ ಬಾ ಅಂದ. ನನಗೆ ನಾಳೆ ಬೇಕು. ನಾಳೆ ಏನು ಅಂತ ನಿನಗೇ ಗೊತ್ತು."

ಗೊತ್ತಿತ್ತು. ನಾಳೆ ಸತ್ತವರ ಶನಿವಾರ. ಬಲ್ಗೇರಿಯದ ಊರೂರಲ್ಲೂ ಬೇಯಿಸಿದ ಗೋಧಿಗೆ ಸಕ್ಕರೆ, ಅಕ್ರೋಟು ಬೆರೆಸಿ ಸಮಾಧಿಗಳ ಹತ್ತಿರ ಹಂಚುವ ದಿನ. ಈ ಊರಿನ ಮುದುಕಿಯರಲ್ಲಿ ಐವರ ಗಂಡಂದಿರು ಮಲಗಿರುವುದು ಮೇಲೆ, ಬೆಟ್ಟದ ನೆತ್ತಿಯಲ್ಲಿರುವ ಹಳೆಯ ಊರಿನ ಸ್ಮಶಾನದಲ್ಲಿ. ಅಲ್ಲಿಗೆ ಬಸ್ಸು ನಿಂತು ಒಂಬತ್ತು ವರ್ಷವಾಯಿತು. ಹೋಗುವ ಗಾಡಿ ದಾಫಿನಾಳದೊಂದೇ. ದಿನವೂ ಬ್ರೆಡ್ಡು, ಮೊಸರು, ಮಾತ್ರೆ, ಮೇಣದಬತ್ತಿ ತುಂಬಿಕೊಂಡು ಆಚೀಚೆಯ ಹಳ್ಳಿಗಳಿಗೆ ಹೋಗಿ ಮಾರಿ ಬರುವ ಗಾಡಿ. ಹತ್ತುವುದೇನೋ ಸರಿ. ಇಳಿಯುವಾಗ ಹದಿನಾಲ್ಕು ತಿರುವು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಏನೂ ಇಲ್ಲ.

"ಇಂಜಿನ್ ಆದ್ರೆ ಕೊಡು, ಬಿಚ್ಚಿ ಜೋಡಿಸ್ತೀನಿ," ಎಂದಳು ವೆಲಿಕಾ. "ಕ್ಲಚ್ ಕೊಡು. ಬ್ರೇಕ್ ಮುಟ್ಟಲ್ಲ. ಗೆಳತಿ ಗಾಡಿದು ಅಂತೂ ಮುಟ್ಟಲ್ಲ."

"ಮಿಂಚೋ ಮೇಸ್ತ್ರಿ ಹೇಳಿದ್ದಾ?"

"ಮಿಂಚೋ ಮೇಸ್ತ್ರಿ ಹೇಳಿದ್ದೇ."

ಡಿಪೋದಲ್ಲಿ ಅವಳಿಗೆ ಕೆಲಸ ಕಲಿಸಿದವನು ಮಿಂಚೋ ಮೇಸ್ತ್ರಿ. ಊರ ಬಸ್ಸುಗಳ ಬ್ರೇಕನ್ನೆಲ್ಲ ನೋಡುತ್ತಿದ್ದವನು ಸ್ವಂತ ಮಗನ ಮೋಟಾರ್‌ಸೈಕಲ್ಲಿನ ಬ್ರೇಕನ್ನು ಮಾತ್ರ ಬೇರೆಯವರಿಗೆ ಕೊಡುತ್ತಿದ್ದ. ಯಾಕೆ ಅಂತ ಕೇಳಿದರೆ, "ಪ್ರೀತಿ ಇದ್ದಲ್ಲಿ ಕೈಗೆ ಆತುರ ಬರುತ್ತೆ ಹುಡುಗಿ. ಆತುರದ ಕೈ ಬ್ರೇಕಿಗೆ ಆಗಲ್ಲ," ಎನ್ನುತ್ತಿದ್ದ.

"ಸರಿ ಬಿಡು," ಎಂದು ದಾಫಿನಾ ಪೊಟ್ಟಣ ಎತ್ತಿಕೊಂಡಳು. "ಯಾನ್ಕೋ ಹತ್ರ ಮಾಡಿಸ್ತೀನಿ."

ಯಾನ್ಕೋ ಪಕ್ಕದ ಮನೆಯವನು. ಬೇಲಿ, ಕುರ್ಚಿ, ನೀರಿನ ಪಂಪು, ಕನ್ನಡಕ, ಎಲ್ಲವನ್ನೂ ತಂತಿ ಸುತ್ತಿ ರಿಪೇರಿ ಮಾಡುವ ಮನುಷ್ಯ.

"ಅವನು ಬ್ರೇಕಿಗೂ ತಂತಿ ಕಟ್ತಾನೆ ಕಣೆ."

"ಕಟ್ಟಲಿ. ತಂತಿ ಇಲ್ಲದ್ದಕ್ಕಿಂತ ತಂತಿ ಇರೋದು ಮೇಲು."

ದಾಫಿನಾ ಬರೀ ಬಾಯಿಮಾತಿನವಳಲ್ಲ ಎಂಬುದು ವೆಲಿಕಾಗೆ ಒಂದನೇ ತರಗತಿಯಿಂದ ಗೊತ್ತು. ಗೋಡೆ ಹಾರುತ್ತೇನೆ ಅಂದರೆ ಹಾರಿಯೇ ತೀರುವವಳು. ಗಂಡ ಬಿಟ್ಟ ಮೇಲೆ ಜರ್ಮನಿಗೆ ಹೋಗುತ್ತೇನೆ ಅಂದಳು, ಹೋದಳು. ಇಪ್ಪತ್ತೆರಡು ವರ್ಷ ಅಲ್ಲಿನ ಮುದುಕರಿಗೆ ಸ್ನಾನ ಮಾಡಿಸಿ, ಅನ್ನ ತಿನ್ನಿಸಿ, ಮರಳಿ ಬಂದು ಈ ವ್ಯಾನು ಕೊಂಡಳು.

"ನೋಡ್ತೀನಿ," ಎಂದಳು ವೆಲಿಕಾ. "ನೋಡ್ತೀನಿ ಅಷ್ಟೇ. ಮಾಡ್ತೀನಿ ಅಂದಿಲ್ಲ. ಬಾನಿತ್ಸಾ ಒಳಗಿಡು, ಆರುತ್ತೆ."

ಜಾಕ್ ಕೊಟ್ಟು, ಹಿಂದಿನ ಚಕ್ರಗಳಿಗೆ ಕಲ್ಲಿಟ್ಟು, ಎಡಗಡೆಯ ಮುಂಚಕ್ರ ಬಿಚ್ಚಿದಳು. ಪ್ಯಾಡು ಸವೆದು ಹಿಂದಿನ ತಗಡು ಡಿಸ್ಕನ್ನು ಕೆರೆಯುತ್ತಿತ್ತು. ಅದು ಕಿವಿ ಹೇಳಿದ ಮಾತೇ. ಪ್ಯಾಡ್ ಬದಲಿಸುವುದು ಆಲೂಗಡ್ಡೆ ಸುಲಿದ ಹಾಗೆ, ಅದಕ್ಕೆ ಅಷ್ಟು ಹೆದರಬೇಕಾಗಿಲ್ಲ ಎಂದುಕೊಳ್ಳುತ್ತ ಅವಳು ಟಾರ್ಚು ಒಳಗೆ ಹಾಯಿಸಿದಳು. ಬ್ರೇಕಿನ ರಬ್ಬರ್ ಪೈಪು ಬಸುರಿ ಹಲ್ಲಿಯ ಹಾಗೆ ಒಂದು ಕಡೆ ಉಬ್ಬಿತ್ತು. ಬೆರಳಿಟ್ಟರೆ ಒದ್ದೆ.

ವೆಲಿಕಾ ಬೆರಳನ್ನು ಮೂಸಿ, ದಾಫಿನಾಳ ಮೂಗಿಗೂ ಹಿಡಿದಳು. "ಆಯಿಲ್ಲು. ಪೈಪು ಜಿನುಗ್ತಿದೆ. ಇದು ಒಂದು ದಿನ ನೀನು ಜೋರಾಗಿ ಒತ್ತಿದಾಗ ಒಡೆಯುತ್ತೆ. ಜೋರಾಗಿ ಯಾವಾಗ ಒತ್ತುತ್ತೀಯ ಹೇಳು."

ದಾಫಿನಾ ಬೆಟ್ಟದ ಕಡೆ ನೋಡಿದಳು. ಜೋರಾಗಿ ಒತ್ತುವುದು ಎಲ್ಲಿ ಎಂದು ಇಬ್ಬರಿಗೂ ಗೊತ್ತಿತ್ತು.

"ಇವತ್ತು ಈ ಗಾಡಿ ಗೇಟು ದಾಟಲ್ಲ," ಎಂದು ವೆಲಿಕಾ ಬೀಗದ ಕೈ ತೆಗೆದು ಮೇಲಂಗಿಯ ಜೇಬಿಗೆ ಹಾಕಿಕೊಂಡಳು. "ತ್ರೆಂಡಾಫಿಲ್ಕಾ ಅಜ್ಜಿಗೆ ನಾನೇ ಹೋಗಿ ಹೇಳಿ ಬರ್ತೀನಿ, ನಾಳೆ ಇಲ್ಲ ಅಂತ."

ತ್ರೆಂಡಾಫಿಲ್ಕಾ ಅಜ್ಜಿ ಐವರಲ್ಲಿ ಹಿರಿಯಳು, ಎಂಬತ್ತಾರು ವರ್ಷ. ಮೂರು ಮನೆ ಆಚೆ. ಆ ಮೂರು ಮನೆ ನಡೆಯುವಷ್ಟರಲ್ಲಿ ವೆಲಿಕಾ ಮನಸ್ಸಿನಲ್ಲೇ ಎಲ್ಲವನ್ನೂ ಬಿಚ್ಚಿ ಹರಡಿದಳು. ಕೈಗೆ ಕೆಲಸ ಮರೆತಿಲ್ಲ. ಕಣ್ಣಿನ ಪೊರೆ ತೆಗೆಸಿ ಎರಡು ವರ್ಷವಾಯಿತು, ಸೂಜಿಗೆ ನೂಲು ಪೋಣಿಸುತ್ತಾಳೆ. ಆದರೂ ಡಿಪೋ ಬಿಟ್ಟು ಹನ್ನೆರಡು ವರ್ಷ. ಅಲ್ಲಿ ಬ್ರೇಕ್ ಮಾಡಿದ ಬಸ್ಸಿನಲ್ಲಿ ಯಾರು ಕೂರುತ್ತಾರೋ ಗೊತ್ತಿರಲಿಲ್ಲ. ಗೊತ್ತಿಲ್ಲದ್ದರಿಂದಲೇ ನಿದ್ದೆ ಬರುತ್ತಿತ್ತು. ಇಲ್ಲಿ ಕೂರುವವಳ ಸಕ್ಕರೆ ಕಾಯಿಲೆಯ ಮಾತ್ರೆಯ ಬಣ್ಣ ಕೂಡ ಗೊತ್ತು. ಹೆಚ್ಚುಕಡಿಮೆಯಾದರೆ ಅವಳ ಮನೆಯ ಮುಚ್ಚಿದ ಬಾಗಿಲನ್ನು ದಿನಾ ಬೆಳಿಗ್ಗೆ ನೋಡಬೇಕು.

ಅಜ್ಜಿ ಅಡುಗೆಮನೆಯ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಬೇಯಿಸಿದ ಗೋಧಿಯನ್ನು ತೇವ ಆರಲು ಹರವಿದ್ದಳು. ಕಾಳು ಕಾಳೂ ಬಿಡಿಬಿಡಿ. ಅಜ್ಜಿ ಅಕ್ರೋಟು ಒಡೆಯುತ್ತಾ ವೆಲಿಕಾ ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು.

"ಆಯ್ತು ಬಿಡಮ್ಮ," ಎಂದಳು. "ಚಳಿಗಾಲ ಕಳೆದು ಇಂಥದೇ ಇನ್ನೊಂದು ಶನಿವಾರ ಬರುತ್ತಲ್ಲ. ಆಗ ಹೋದ್ರಾಯ್ತು. ಸತ್ತವರಿಗೆ ಏನು ಆತುರ? ಬದುಕಿದ್ದಾಗಲೇ ನನ್ನ ಗಂಡ ಊಟಕ್ಕೆ ಕರೆದ್ರೆ ಮೂರನೇ ಸಲಕ್ಕೆ ಬರ್ತಿದ್ದ."

"ಗೋಧಿ ಬೇಯಿಸಿ ಆಗಿದೆಯಲ್ಲ ಅಜ್ಜಿ."

"ನಾವೇ ತಿನ್ನೋಣ. ಅವನ ಹೆಸರು ಹೇಳಿ ಇಲ್ಲೇ ಹಂಚ್ತೀನಿ." ಅಜ್ಜಿ ಒಂದು ಅಕ್ರೋಟು ಒಡೆದು ಅರ್ಧವನ್ನು ವೆಲಿಕಾಗೆ ಕೊಟ್ಟಳು. "ಒಂದು ಮಾತು ಕೇಳ್ತೀನಿ. ಭಯ ಗಾಡಿ ಮೇಲೋ, ನಿನ್ನ ಮೇಲೋ?"

"ಎರಡೂ."

"ಗಾಡಿ ಮೇಲಿನ ಭಯ ಒಳ್ಳೇದು, ಇಟ್ಕೋ. ಇನ್ನೊಂದನ್ನ ನೋಡ್ಕೋ."

ವಾಪಸು ಬರುವಾಗ ವೆಲಿಕಾಳ ಹೆಜ್ಜೆ ನಿಧಾನವಾಯಿತು. ಏನೋ ಹಗುರಾಗಿತ್ತು. ನಾಳೆ ಹೋಗಲೇಬೇಕು ಎನ್ನುವವರು ಯಾರೂ ಇಲ್ಲವೆಂದ ಮೇಲೆ ಆತುರವೆಲ್ಲಿ? ಮಿಂಚೋ ಮೇಸ್ತ್ರಿ ಹೆದರಿದ್ದು ಪ್ರೀತಿಗಲ್ಲ, ಅದು ತರುವ ಆತುರಕ್ಕೆ. ಆ ಆತುರವನ್ನು ಅಜ್ಜಿ ಅಕ್ರೋಟಿನ ಸಿಪ್ಪೆಯ ಜೊತೆ ಗುಡಿಸಿ ಆಚೆ ಹಾಕಿದ್ದಳು.

ಅಂಗಳದಲ್ಲಿ ದಾಫಿನಾ ಮೋರೆ ಊದಿಸಿಕೊಂಡು ಪೀಪಾಯಿ ತೊಳೆಯುತ್ತಿದ್ದಳು.

"ಕೇಳಿಲ್ಲಿ," ಎಂದಳು ವೆಲಿಕಾ. "ಮಾಡ್ತೀನಿ. ಆದ್ರೆ ಸಂಜೆಯೊಳಗೆ ನನಗೆ ಸರಿ ಅನ್ನಿಸದಿದ್ರೆ ನಾಳೆ ಗಾಡಿ ಏಳಲ್ಲ, ನೀನು ಗೊಣಗಬಾರದು. ಮೊದಲು ನಾನು ಓಡಿಸ್ತೀನಿ, ಒಬ್ಬಳೇ. ಆಮೇಲೆ ನೀನು. ಬುಧವಾರ ಗ್ಯಾರೇಜಿಗೆ ಹೋಗಿ ಬ್ರೇಕ್ ನೋಡೋ ಮೆಷಿನ್ ಮೇಲೆ ಹತ್ತಿಸಿ ತೋರಿಸ್ಕೊಂಡು ಬರೋದು ಬರೋದೇ."

"ಯಾನ್ಕೋ ಆಗಿದ್ರೆ ಇಷ್ಟು ಷರತ್ತು ಹಾಕ್ತಿರಲಿಲ್ಲ."

"ಯಾನ್ಕೋ ಆಗಿದ್ರೆ ನಾಳೆ ಗೋಧಿ ನಿನ್ನ ಹೆಸರಲ್ಲೂ ಹಂಚ್ತಿದ್ರು."

ಪಟ್ಟಣದ ಅಂಗಡಿಗೆ ಫೋನು ಮಾಡಿ ಒಂದಲ್ಲ, ಎರಡು ಪೈಪು ಹೇಳಿದಳು. ಒಂದು ಉಬ್ಬಿದೆ ಅಂದರೆ ಇನ್ನೊಂದಕ್ಕೂ ಅದೇ ವಯಸ್ಸು. ಅಂಗಡಿಯವನು ಹನ್ನೆರಡರ ಬಸ್ಸಿನ ಡ್ರೈವರನ ಕೈಲಿ ಕೊಟ್ಟು ಕಳಿಸಿದ. ಡ್ರೈವರ್ ಬಸ್ಸು ನಿಲ್ಲಿಸದೆಯೇ ಕಿಟಕಿಯಿಂದ ಪೊಟ್ಟಣ ಚಾಚಿದ. ದಾಫಿನಾ ಓಡಿ ಹಿಡಿದುಕೊಂಡಳು. ಮಧ್ಯಾಹ್ನ ಎರಡರ ಹೊತ್ತಿಗೆ ಎರಡೂ ಕಡೆ ಹೊಸ ಪ್ಯಾಡು, ಹೊಸ ಪೈಪು ಕೂತಿದ್ದವು. ಪ್ರತಿ ಬೋಲ್ಟನ್ನೂ ವೆಲಿಕಾ ಬಿಗಿ ಮಾಡಿ, ಸುಣ್ಣದಕಡ್ಡಿಯಿಂದ ಗೆರೆ ಎಳೆದಳು. ಗೆರೆ ಇಲ್ಲದ ಬೋಲ್ಟು ಎಂದರೆ ಬಿಗಿ ಮಾಡದ ಬೋಲ್ಟು. ಅದು ಡಿಪೋದ ಅಭ್ಯಾಸ.

ಇನ್ನು ಉಳಿದದ್ದು ಗಾಳಿ ತೆಗೆಯುವುದು. ಪೈಪು ಬಿಚ್ಚಿದರೆ ಒಳಗೆ ಗಾಳಿ ಸೇರುತ್ತದೆ. ಗಾಳಿ ಇದ್ದಷ್ಟು ಹೊತ್ತು ಪೆಡಲು ಮೆತ್ತಗಿರುತ್ತದೆ, ಒತ್ತಿದರೆ ಸ್ಪಂಜಿನ ಹಾಗೆ ಇಳಿಯುತ್ತದೆ. ಇದು ಇಬ್ಬರ ಕೆಲಸ. ಒಬ್ಬರು ಮೇಲೆ ಕೂತು ಪೆಡಲು ತುಳಿದು ಹಿಡಿಯಬೇಕು, ಇನ್ನೊಬ್ಬರು ಕೆಳಗೆ ಚಕ್ರದ ಹತ್ತಿರ ಪುಟ್ಟ ತಿರುಪು ಸಡಿಲಿಸಿ ಗಾಳಿ ಬಿಟ್ಟು ಮತ್ತೆ ಬಿಗಿಯಬೇಕು. ತಿರುಪು ತೆರೆದಿರುವಾಗ ಮೇಲಿನವರು ಕಾಲು ತೆಗೆದರೋ, ಹೋದ ಗಾಳಿ ಮತ್ತೆ ಒಳಗೆ.

ಎಡಗಡೆ ಸಲೀಸಾಗಿ ಮುಗಿಯಿತು. ಬಾಗಿಲು ತೆರೆದಿತ್ತು, ಮಾತು ಕೇಳುತ್ತಿತ್ತು.

"ತುಳಿ."

"ತುಳಿದೆ."

"ಹಿಡಿ."

"ಹಿಡಿದೆ. ನಮ್ಮ ಮದುವೆ ಮಾಡಿಸಿದ ಪಾದ್ರಿ ಕೂಡ ನನ್ನ ಕೈಲಿ ಇಷ್ಟು ಸಲ ಹೂಂ ಅನ್ನಿಸಿರಲಿಲ್ಲ."

"ಬಿಡು."

ತಿರುಪಿಗೆ ಸಿಕ್ಕಿಸಿದ ಸಣ್ಣ ಕೊಳವೆಯಿಂದ ಜಾಮಿನ ಹಳೇ ಬಾಟಲಿಯೊಳಗೆ ಗುಳ್ಳೆಗಳು ಬಂದವು, ಕಡಿಮೆಯಾದವು, ನಿಂತವು. ವೆಲಿಕಾ ಬಲಗಡೆಗೆ ಹೋಗಿ ಕುಕ್ಕರಗಾಲಲ್ಲಿ ಕೂತಳು. ಅಷ್ಟರಲ್ಲಿ ಬೇಲಿಯಾಚೆ ಯಾನ್ಕೋ ಗರಗಸದ ಮೆಷಿನ್ನು ಶುರುಮಾಡಿದ, ಚಳಿಗಾಲದ ಸೌದೆಗೆ. ಅದರ ಅರಚಾಟದಲ್ಲಿ ಸ್ವಂತ ಮಾತು ಸ್ವಂತ ಕಿವಿಗೆ ಬೀಳದು. ವೆಲಿಕಾ ಎದ್ದು ಹೋಗಿ ದಾಫಿನಾಳಿಗೆ ಹೇಳಿ ಬಂದಳು: ಪೆಡಲು ಹಿಡಿದಾಗ ಒಂದು ಸಲ ಹಾರ್ನ್ ಮಾಡು, ನಾನು ಚಕ್ರದ ಮೇಲಿನ ತಗಡು ತಟ್ಟಿದಾಗ ಬಿಡು. ಹಾಗೇ ನಡೆಯಿತು. ಹಾರ್ನು, ತಿರುಪು, ಗುಳ್ಳೆ, ತಿರುಪು, ತಟ್ಟು. ಹತ್ತು ಸಲ. ಗುಳ್ಳೆ ನಿಂತಂತೆ ಕಂಡಿತು.

ವೆಲಿಕಾ ಎದ್ದುನಿಂತು ಮುಂದಿನ ಗಾಜಿನೊಳಗೆ ನೋಡಿದಳು. ಮುಷ್ಟಿ ಕಟ್ಟಿ ಎತ್ತಿ ಹಿಡಿದು, ಹುಬ್ಬು ಹಾರಿಸಿದಳು. ಪೆಡಲು ಗಟ್ಟಿಯಾಯಿತಾ?

ದಾಫಿನಾ ತುಟಿ ಬಿಗಿದುಕೊಂಡು, ತಲೆಯನ್ನು ಎಡಕ್ಕೆ ಬಲಕ್ಕೆ ಆಡಿಸಿದಳು.

ವೆಲಿಕಾ ನಿಟ್ಟುಸಿರು ಬಿಟ್ಟು, ಚಕ್ರಗಳನ್ನು ಎತ್ತಿ ಕೂರಿಸಿ, ಬೋಲ್ಟು ಬಿಗಿದು, ಗೆರೆ ಎಳೆದು, ಎರಡೂ ಜಾಕ್ ಇಳಿಸಿದಳು. ಕೈ ಒರೆಸಿಕೊಂಡು ಬಂದು ದಾಫಿನಾಳನ್ನು ಇಳಿಸಿ ತಾನು ಸೀಟಿಗೆ ಹತ್ತಿದಳು. ಜೇಬಿನಿಂದ ಬೀಗದ ಕೈ ತೆಗೆಯುವ ಮೊದಲು, ಮೂವತ್ತೊಂದು ವರ್ಷದ ರೂಢಿಯಂತೆ, ಕಾಲು ತಾನಾಗಿ ಪೆಡಲಿನ ಮೇಲೆ ಹೋಯಿತು.

ಪೆಡಲು ಮೆಲ್ಲಗೆ, ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ, ಕೆಳಗಿಳಿಯಿತು.

ವೆಲಿಕಾ ಕಾಲು ತೆಗೆದು ಇನ್ನೊಮ್ಮೆ ಒತ್ತಿದಳು. ಅದೇ ಮೆತ್ತಗೆ. ಇಳಿದು ನೆಟ್ಟಗೆ ಯಾನ್ಕೋನ ಬೇಲಿಗೆ ಹೋಗಿ, ನಿಲ್ಲಿಸು ಎಂದು ಎರಡೂ ಕೈ ಬೀಸಿದಳು. ಮೆಷಿನ್ನು ನಿಂತಿತು.

"ಗಟ್ಟಿಯಾಗಿದೆ ಅಂದೆಯಲ್ಲೇ," ಎಂದಳು ದಾಫಿನಾಳಿಗೆ. ದನಿ ಸಣ್ಣಗಿತ್ತು.

"ನಾನಾ? ಆಗಿಲ್ಲ ಅಂದೆ."

"ನಾನು ಕೇಳಿದ್ದಕ್ಕೆ ಹೀಗೆ ಮಾಡಿದೆ." ವೆಲಿಕಾ ತಲೆಯನ್ನು ಅತ್ತಿತ್ತ ಆಡಿಸಿ ತೋರಿಸಿದಳು.

"ಹೌದು, ಇಲ್ಲ ಅಂತ..." ದಾಫಿನಾ ಅರ್ಧಕ್ಕೇ ನಿಲ್ಲಿಸಿ ಬಾಯಿ ಮೇಲೆ ಕೈ ಇಟ್ಟುಕೊಂಡಳು.

ಈ ಊರಿನಲ್ಲಿ, ಈ ದೇಶದಲ್ಲಿ, ತಲೆ ಅತ್ತಿತ್ತ ಆಡಿದರೆ ಹೌದು. ಗದ್ದ ಮೇಲಕ್ಕೆದ್ದರೆ ಇಲ್ಲ. ಜರ್ಮನಿಯಲ್ಲಿ ಅದು ತಿರುವುಮುರುವು. ದಾಫಿನಾ ಮರಳಿ ಬಂದ ಹೊಸತರಲ್ಲಿ ಯಾರೋ ವ್ಯಾನಿನ ಹತ್ತಿರ ಬಂದು ಚೀಸು ಇದೆಯಾ ಅಂದರೆ ತಲೆ ಮೇಲೆ ಕೆಳಗೆ ಆಡಿಸಿದ್ದಳು. ಅವರು ಇಲ್ಲವೆಂದುಕೊಂಡು ಹೋಗಿ, ಅದೇ ಚೀಸನ್ನು ಇನ್ನೊಬ್ಬರು ಕೊಂಡೊಯ್ಯುವುದನ್ನು ನೋಡಿ ತಿಂಗಳಿಡೀ ಮಾತು ಬಿಟ್ಟಿದ್ದರು. ಆಮೇಲೆ ತಿದ್ದಿಕೊಂಡಿದ್ದಳು. ಆರಾಮಾಗಿದ್ದಾಗ ಊರಿನ ಕತ್ತು. ಎದೆ ಹೊಡೆದುಕೊಂಡಾಗ ಮಾತ್ರ ಆ ಇಪ್ಪತ್ತೆರಡು ವರ್ಷದ ಕತ್ತು ಮರಳಿ ಬರುತ್ತಿತ್ತು.

"ಮತ್ತೆ ಚಕ್ರ ಯಾಕೆ ಹಾಕ್ತಿದ್ದಾಳೆ ಅಂತ ಅನ್ನಿಸಲಿಲ್ವಾ ನಿನಗೆ?"

"ಅನ್ನಿಸ್ತು. ಮೇಸ್ತ್ರಿ ನೀನು. ಚಕ್ರ ಹಾಕಿದ ಮೇಲೆ ಇನ್ನೇನೋ ಮಾಡೋದಿರುತ್ತೆ ಅಂದ್ಕೊಂಡೆ."

ಬೇಲಿಯ ಮೇಲಿನಿಂದ ಯಾನ್ಕೋ ಎಲ್ಲ ಕೇಳಿಸಿಕೊಂಡಿದ್ದ. "ದಾಫಿನಾ, ನಿನ್ನ ಕಾಲು ಬಲ್ಗೇರಿಯಕ್ಕೆ ಬಂತು, ಕತ್ತು ಇನ್ನೂ ಜರ್ಮನಿಯಲ್ಲೇ ಇದೆ. ಒಂದು ಚೂರು ತಂತಿ ಕೊಡ್ಲಾ, ಕಟ್ಟಿಕೊಳ್ಳೋಕೆ?"

ಯಾರೂ ನಗಲಿಲ್ಲ. ವೆಲಿಕಾ ಪೀಪಾಯಿಯ ಅಂಚಿಗೆ ಕೂತಳು. ಐವತ್ತಾರು ವರ್ಷದ ಸ್ನೇಹ. ಎರಡು ಮನೆಯ ಸಾವು, ಒಂದು ಮನೆಯ ವಿಚ್ಛೇದನ, ಎಲ್ಲವನ್ನೂ ಮಾತೇ ಇಲ್ಲದೆ ಕಣ್ಣಲ್ಲೇ ಹೇಳಿಕೊಂಡವರು. ಅಷ್ಟು ಚೆನ್ನಾಗಿ ಗೊತ್ತು ಅಂತಲೇ ಬಾಯಿಬಿಟ್ಟು ಕೇಳದೆ ಹೋದದ್ದು. ಮುಷ್ಟಿ ಎತ್ತಿದ್ದರ ಬದಲು ಹತ್ತು ಹೆಜ್ಜೆ ನಡೆದು ಬಂದು ಕೇಳಿದ್ದರೆ ಆಗುತ್ತಿತ್ತು.

ದಾಫಿನಾ ಬಂದು ಪಕ್ಕದಲ್ಲಿ ಕೂತಳು. "ಬಿಟ್ಟುಬಿಡೋಣ್ವಾ?" ಎಂದಳು. ಈ ಸಲ ಅವಳ ದನಿಯಲ್ಲಿ ಹಟವಿರಲಿಲ್ಲ. "ಅಜ್ಜಿ ಹೇಳಿದ್ದು ಸರಿ. ಚಳಿಗಾಲ ಕಳೀಲಿ. ನಿನ್ನ ಮುಖ ನೋಡೋಕಾಗ್ತಿಲ್ಲ ನನಗೆ."

ಅದನ್ನು ಕೇಳಿದ್ದೇ ವೆಲಿಕಾ ಎದ್ದು ನಿಂತಳು. ಯಾಕೆಂದು ಅವಳಿಗೂ ಹೇಳಲು ಬರುತ್ತಿರಲಿಲ್ಲ. ತಪ್ಪು ಆಗಿತ್ತು, ನಿಜ. ಆದರೆ ತಪ್ಪು ಗೇಟಿನೊಳಗೇ ಸಿಕ್ಕಿಬಿದ್ದಿತ್ತು. ಹಿಡಿದದ್ದು ಅದೃಷ್ಟವಲ್ಲ, ಅವಳ ಬಲಗಾಲು. ಆ ಕಾಲಿಗೆ ಗೆಳತಿಯೂ ಗೊತ್ತಿಲ್ಲ, ಅಜ್ಜಿಯೂ ಗೊತ್ತಿಲ್ಲ. ಅದಕ್ಕೆ ಪೆಡಲು ಗಟ್ಟಿಯೋ ಮೆತ್ತಗೋ ಎಂಬುದಷ್ಟೇ ಗೊತ್ತು.

"ಏಳು," ಎಂದಳು. "ಇನ್ನೂ ಎರಡು ಗಂಟೆ ಬೆಳಕಿದೆ. ಯಾನ್ಕೋ, ನಿನ್ನ ಸೌದೆ ಒಂದು ಗಂಟೆ ಕಾಯಲಿ. ದಾಫಿನಾ, ನಿನ್ನ ತಲೆ ಸೀಟಿಗೆ ಆನಿಸಿ ಇಟ್ಕೋ, ಅಲ್ಲಾಡಿಸಬೇಡ. ಬಾಯಲ್ಲಿ ಹೇಳು."

ಮತ್ತೆ ಜಾಕ್, ಮತ್ತೆ ಚಕ್ರ. ತಿರುಪು ಸಡಿಲಿಸಿದಾಗ ಮೂರನೇ ಸಲಕ್ಕೆ ದೊಡ್ಡದೊಂದು ಗುಳ್ಳೆ, ಬಟಾಣಿಯಷ್ಟು, ಬಾಟಲಿಯೊಳಗೆ ಬಂದು ಒಡೆಯಿತು. ಪೈಪಿನ ಡೊಂಕಿನಲ್ಲಿ ಅಡಗಿ ಕೂತಿದ್ದದ್ದು.

"ಬಂದ ನೋಡು ಕಳ್ಳ," ಎಂದಳು ವೆಲಿಕಾ. "ಈಗ ಹೇಗಿದೆ?"

"ಮೆತ್ತಗೆ."

"ಈಗ?"

"ಅರ್ಧಕ್ಕೆ ನಿಲ್ತಿದೆ."

"ಈಗ?"

"ಕಲ್ಲು," ಎಂದಳು ದಾಫಿನಾ. "ಕಲ್ಲು ಕಣೆ. ನಮ್ಮ ಅತ್ತೆ ಮನಸ್ಸಿನ ಹಾಗೆ."

ವೆಲಿಕಾ ಅವಳ ಮಾತು ನಂಬಿದಳು, ಆದರೂ ಅವಳನ್ನು ಇಳಿಸಿ ತಾನೇ ಹತ್ತಿ ಒತ್ತಿ ನೋಡಿದಳು. ಒತ್ತಿ ಹಿಡಿದು ಅರವತ್ತು ಎಣಿಸಿದಳು. ಕಾಲು ಒಂದು ಕೂದಲೆಳೆಯೂ ಇಳಿಯಲಿಲ್ಲ. ಪೈಪುಗಳಿಗೆ ಒಣ ಬಟ್ಟೆ ಸುತ್ತಿ ತೆಗೆದು ನೋಡಿದಳು, ಒಣಗೇ ಇತ್ತು. ಒಬ್ಬಳೇ ಕೆಳಗಿನ ಸೇತುವೆಯವರೆಗೆ ಮೆಲ್ಲಗೆ ಹೋಗಿ ಬಂದಳು. ಆಮೇಲೆ ಚರ್ಚಿನ ಹಿಂದಿನ ಇಳಿಜಾರಿನಲ್ಲಿ, ಯಾನ್ಕೋನನ್ನು ಅಡ್ಡ ಯಾರೂ ಬರದಂತೆ ನಿಲ್ಲಿಸಿ, ಆರು ಸಲ ಇಳಿದಳು. ಮೊದಲ ಸಲ ನಡಿಗೆಯ ವೇಗದಲ್ಲಿ, ಕೊನೆಯ ಸಲ ದಾಫಿನಾಳ ವೇಗದಲ್ಲಿ. ಆರೂ ಸಲ ಗಾಡಿ ಹೇಳಿದ ಕಡೆ ನಿಂತಿತು, ಪಕ್ಕಕ್ಕೆ ಎಳೆಯಲಿಲ್ಲ. ಹಿಂತಿರುಗಿ ಮತ್ತೆ ಒಣ ಬಟ್ಟೆ. ಒಣಗೇ ಇತ್ತು.

"ಅಜ್ಜಿಗೆ ಹೋಗಿ ಹೇಳು," ಎಂದಳು. "ಬೆಳಿಗ್ಗೆ ಎಂಟಕ್ಕೆ. ಮುಂದಿನ ಸೀಟು ನನಗೆ."

"ನನ್ನ ಮೇಲೆ ನಂಬಿಕೆ ಇಲ್ವಾ?"

"ನಿನ್ನ ಮೇಲಿದೆ. ನಿನ್ನ ಕತ್ತಿನ ಮೇಲಿಲ್ಲ."

ಆಗ ಮಾತ್ರ ಇಬ್ಬರೂ ನಕ್ಕರು. ನಿಲ್ಲಿಸಲಾಗದೆ, ಬಾಗಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು. ಬಾನಿತ್ಸಾ ಆರಿ ಹೋಗಿತ್ತು. ಹಾಗೇ ನಿಂತುಕೊಂಡೇ ತಿಂದರು, ಬೇಲಿಯ ಮೇಲಿನಿಂದ ಯಾನ್ಕೋಗೂ ಒಂದು ತುಂಡು ಹೋಯಿತು.

ಶನಿವಾರ ಮೇಲಿನ ಊರಿನಲ್ಲಿ ಬಿಸಿಲಿತ್ತು. ಮುದುಕಿಯರು ಸಮಾಧಿಗಳ ಮೇಲಿನ ಹುಲ್ಲು ಕಿತ್ತರು, ಮೇಣದಬತ್ತಿ ಹಚ್ಚಿದರು, ಸತ್ತವರಿಗೆ ಒಂದಿಷ್ಟು ವೈನು ಮಣ್ಣಿಗೆ ಸುರಿದು, ಈ ವರ್ಷ ಯಾರ ಹಸು ಕರು ಹಾಕಿತು ಎಂಬುದನ್ನೆಲ್ಲ ಹೇಳಿದರು. ತ್ರೆಂಡಾಫಿಲ್ಕಾ ಅಜ್ಜಿ ಕಾಗದದ ಲೋಟಗಳಿಗೆ ಗೋಧಿ ಹಾಕಿ ಹಂಚುತ್ತಾ ಬಂದಳು. ವೆಲಿಕಾ ಒಂದು ಲೋಟ ಹೆಚ್ಚಿಗೆ ಇಸಿದುಕೊಂಡು ದಾಫಿನಾಳ ಕೈಗೆ ಕೊಟ್ಟಳು. "ಮಿಂಚೋ ಮೇಸ್ತ್ರಿ ಹೆಸರಲ್ಲಿ."

"ದೇವರು ಕ್ಷಮಿಸಲಿ," ಎಂದು ದಾಫಿನಾ ವಾಡಿಕೆಯ ಮಾತು ಹೇಳಿ, ಒಂದು ಚಮಚ ಬಾಯಿಗೆ ಹಾಕಿಕೊಂಡು, "ಪಾಪ, ಅವನಿಗೆ ಕ್ಷಮಿಸೋಂಥದ್ದು ಏನಿತ್ತು," ಎಂದಳು.

"ಅರ್ಧ ಮಾತು ಹೇಳಿಕೊಟ್ಟು ಸತ್ತ. ಪ್ರೀತಿ ಇದ್ದವರ ಬ್ರೇಕ್ ಮುಟ್ಟಬೇಡ ಅಂದ. ಮುಟ್ಟಿದ್ರೆ ಅವರ ಮಾತು ಕೇಳಬೇಡ, ಪೆಡಲು ನೀನೇ ಒತ್ತು ಅಂತ ಹೇಳಬೇಕಿತ್ತು."

ಇಳಿಯುವಾಗ ವ್ಯಾನಿನೊಳಗೆ ಮೇಣದ ವಾಸನೆ, ಸಕ್ಕರೆಯ ವಾಸನೆ. ಹಿಂದಿನ ಸೀಟಿನಲ್ಲಿ ಅಜ್ಜಿ ಉಳಿದ ಗೋಧಿಯ ಬಟ್ಟಲನ್ನು ತೊಡೆಯ ಮೇಲಿಟ್ಟುಕೊಂಡು ನಿದ್ದೆ ಹೋಗಿದ್ದಳು. ವೆಲಿಕಾ ತಿರುವು ಎಣಿಸುತ್ತಿದ್ದಳು. ಒಂದು, ಎರಡು, ಮೂರು. ದಾಫಿನಾ ಗೇರು ಇಳಿಸಿ, ಬ್ರೇಕನ್ನು ತುಳಿದೂ ತುಳಿಯದ ಹಾಗೆ ಮುಟ್ಟುತ್ತಾ ಬಂದಳು. ಒಂಬತ್ತನೇ ತಿರುವು ದಾಟಿದ್ದೇ ತಡ, ರಸ್ತೆ ತುಂಬ ಕುರಿ.

ವೆಲಿಕಾಳ ಬಲಗಾಲು ಇಲ್ಲದ ಪೆಡಲನ್ನು ಒತ್ತಿತು. ದಾಫಿನಾಳ ಕಾಲು ಇದ್ದ ಪೆಡಲನ್ನು ಒತ್ತಿತು. ವ್ಯಾನು ಮೂಗು ತಗ್ಗಿಸಿ, ಸದ್ದಿಲ್ಲದೆ, ಮೊದಲ ಕುರಿಗೆ ನಾಲ್ಕು ಮಾರು ದೂರದಲ್ಲಿ ನಿಂತಿತು.

ವೆಲಿಕಾ ಹಿಂತಿರುಗಿ ನೋಡಿದಳು. ಬಟ್ಟಲಿನಿಂದ ಒಂದು ಕಾಳೂ ಚೆಲ್ಲಿರಲಿಲ್ಲ. ತ್ರೆಂಡಾಫಿಲ್ಕಾ ಅಜ್ಜಿಗೆ ಎಚ್ಚರವಾಗಿರಲಿಲ್ಲ. ಬಾಯಿ ಸ್ವಲ್ಪ ತೆರೆದು ಗೊರಕೆ ಹೊಡೆಯುತ್ತಿದ್ದಳು.

ಕುರಿಗಳು ಗಂಟೆ ಅಲ್ಲಾಡಿಸುತ್ತಾ ನಿಧಾನವಾಗಿ ರಸ್ತೆ ದಾಟಿದವು. ದಾಫಿನಾ ಗೆಳತಿಯ ಕಡೆ ತಿರುಗಿ, ಏನೋ ಹೇಳುವಂತೆ ತಲೆಯನ್ನು ಆಡಿಸಲು ಹೊರಟಳು.

"ಬಾಯಲ್ಲಿ ಹೇಳೇ," ಎಂದಳು ವೆಲಿಕಾ.

"ಗಟ್ಟಿಯಾಗಿದೆ," ಎಂದಳು ದಾಫಿನಾ.

ವೆಲಿಕಾ ಕಾಲು ಚಾಚಿ ಸೀಟಿಗೆ ಒರಗಿದಳು. ಇನ್ನೂ ಐದು ತಿರುವಿತ್ತು. ಅವನ್ನು ಎಣಿಸಲಿಲ್ಲ. ಸಂಜೆಯೊಳಗೆ ಎಲೆಕೋಸಿಗೆ ಎಷ್ಟು ಉಪ್ಪು ಬೇಕಾದೀತು ಎಂದು ಲೆಕ್ಕ ಹಾಕತೊಡಗಿದಳು.